ದಿಬ್ಬಣ ಕಡಲು ದಾಟುವ ಮುನ್ನ

ಮದುವೆಯನ್ನು ಫುಕೆಟ್‌ನ ಸಮುದ್ರದಂಡೆಯಲ್ಲಿ ಮಾಡುವುದೋ ಬಾಲಿಯಲ್ಲೋ ಎಂಬ ಚರ್ಚೆ ಈಗ ಸಿನಿಮಾದವರ ಮನೆಗಳಲ್ಲಿ ಮಾತ್ರ ನಡೆಯುತ್ತಿಲ್ಲ. 2017ರ ಡಿಸೆಂಬರ್‌ನಲ್ಲಿ ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ ಇಟಲಿಯ ಟಸ್ಕನಿಯಲ್ಲಿ, ಮರುವರ್ಷದ ನವೆಂಬರ್‌ನಲ್ಲಿ ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಅದೇ ದೇಶದ ಕೊಮೊ ಸರೋವರದ ದಡದಲ್ಲಿ ಮದುವೆಯಾದಾಗ ಅದು ತಾರೆಯರ ಸುದ್ದಿಯಾಗಿತ್ತು. ಇವತ್ತು ಸಾಫ್ಟ್‌ವೇರ್ ಉದ್ಯೋಗಿಗಳು, ಕಾಫಿ ತೋಟದವರು, ಗುತ್ತಿಗೆದಾರರು, ಕೊಲ್ಲಿಯಲ್ಲಿ ದುಡಿದು ನೆಲೆನಿಂತ ಕರಾವಳಿಯವರು ಎಲ್ಲರ ಮನೆಯಲ್ಲೂ ಆ ಮಾತು ಬರುತ್ತದೆ. 2023ರ ನವೆಂಬರ್ 26ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಇದನ್ನು ಪ್ರಸ್ತಾಪಿಸಿ, ಮದುವೆಗಳನ್ನು ದೇಶದಲ್ಲೇ ಮಾಡಿ ಎಂದು ಕೇಳಿಕೊಂಡರು. ಹೊರದೇಶದಲ್ಲಿ ಮದುವೆ ಮಾಡುವುದು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಮಾಡಿಯೇ ಮಾಡುತ್ತೇವೆ ಎಂದು ಹೊರಟವರು, ತಾವು ಕರೆದ ಜನರನ್ನು ಅದಕ್ಕೆ ಹೇಗೆ ಸಜ್ಜು ಮಾಡಬೇಕು ಎಂಬುದಷ್ಟೇ ನನ್ನ ವಿಷಯ. ಅದರ ಬಗ್ಗೆ ನನ್ನ ವಾದ ಸರಳ. ಮೊದಲು ಕರೆಯಬೇಕಾದವರ ಪಟ್ಟಿ, ಆಮೇಲೆ ದೇಶ. ಬಹುಪಾಲು ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಮುಂದೆ ಬರುವ ಫಜೀತಿಗಳೆಲ್ಲ ಅಲ್ಲಿಂದಲೇ ಶುರು.

ನಮ್ಮಲ್ಲಿ ಮದುವೆಗಾಗಿ ಪ್ರಯಾಣ ಮಾಡುವುದು ಹೊಸದೇನಲ್ಲ. ದಿಬ್ಬಣ ಹೊರಡುತ್ತಿದ್ದ ಕಾಲದಲ್ಲಿ ಗಾಡಿ ಕಟ್ಟಿಸುವುದು, ದಾರಿಯ ಊಟ, ಊರ ಹೊರಗೆ ಎದುರುಗೊಳ್ಳುವುದು, ಬೀಗರಿಗೆ ಬಿಡಾರ, ಬೆಳಗ್ಗೆ ಎದ್ದ ಕೂಡಲೇ ಬಿಸಿನೀರು, ಎಲ್ಲಕ್ಕೂ ಇಂಥವರೇ ಹೊಣೆ ಎಂದು ಗೊತ್ತಿರುತ್ತಿತ್ತು. ಬಿಡಾರದಲ್ಲಿ ಕಾಫಿ ತಡವಾಯಿತೆಂದು ಮುನಿಸಿಕೊಂಡ ಬೀಗರ ಕಥೆ ಯಾವ ಮನೆತನದಲ್ಲಿಲ್ಲ? ಕಲ್ಯಾಣ ಮಂಟಪಗಳು ಬಂದ ಮೇಲೆ ಈ ಹೊಣೆ ಸಡಿಲವಾಯಿತು. ಕರೆದವರು ಬಸ್ಸು ಹಿಡಿದು ಬಂದರು, ಅಕ್ಷತೆ ಹಾಕಿದರು, ಉಂಡು ತಾಂಬೂಲ ತೆಗೆದುಕೊಂಡು ಹೊರಟರು. ಹೊರದೇಶದ ಮದುವೆಯಲ್ಲಿ ಹೆಣ್ಣಿನ ಕಡೆ, ಗಂಡಿನ ಕಡೆ ಎಂಬ ಭೇದವಿಲ್ಲದೆ ಕರೆಸಿಕೊಂಡವರೆಲ್ಲರೂ ಮತ್ತೆ ದಿಬ್ಬಣದವರೇ ಆಗುತ್ತಾರೆ. ಆದರೆ ಕರೆಯುವವರ ಮನಸ್ಸು ಇನ್ನೂ ಕಲ್ಯಾಣ ಮಂಟಪದ ಲೆಕ್ಕದಲ್ಲೇ ಇರುತ್ತದೆ: ವಾಟ್ಸ್‌ಆ್ಯಪ್‌ನಲ್ಲಿ ಚೆಂದದ ಆಮಂತ್ರಣ ಕಳಿಸಿದೆವು, ಇನ್ನು ಬರುವುದು ಅವರಿಗೆ ಬಿಟ್ಟದ್ದು.

ಅವರಿಗೆ ಬಿಟ್ಟದ್ದು ಎನ್ನುವುದು ಎಷ್ಟು ದೊಡ್ಡ ಮಾತು ಎಂಬುದನ್ನು ಪಾಸ್‌ಪೋರ್ಟ್‌ನಿಂದಲೇ ನೋಡೋಣ. ಪಾಸ್‌ಪೋರ್ಟ್ ಮಾಡಿಸುವುದು ಈಗ ಹಿಂದಿನಷ್ಟು ಕಷ್ಟವಲ್ಲ, ನಿಜ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದೇ ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಬೇಕೆಂದರೆ ಅದರ ಮೇಲೆ ಇನ್ನೂ 2,000. ಕಷ್ಟ ಇರುವುದು ಶುಲ್ಕದಲ್ಲಲ್ಲ, ಕಾಗದಗಳಲ್ಲಿ. ಅಜ್ಜಿಯ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಮತದಾರರ ಚೀಟಿಯಲ್ಲಿ ಇನ್ನೊಂದು ಬಗೆ. ಹುಟ್ಟಿದ ದಿನಾಂಕ ಶಾಲೆಗೆ ಸೇರಿಸಿದವರು ಬಾಯಿಗೆ ಬಂದಂತೆ ಬರೆಸಿದ್ದು. ಪೊಲೀಸ್ ಪರಿಶೀಲನೆಗೆ ಬಂದಾಗ ಅವರು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಾದರೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಆಧಾರ, ಬೇರೇನೂ ನಡೆಯದು. ಇನ್ನು ಪಾಸ್‌ಪೋರ್ಟ್ ಇದೆ ಎನ್ನುವವರದ್ದು ಬೇರೆ ಕಥೆ. ಥಾಯ್ಲೆಂಡ್, ಇಂಡೊನೇಷ್ಯಾ, ಯುಎಇಗಳಿಗೆ ಹೋಗಲು ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ‘ಮಾರ್ಚ್‌ವರೆಗೆ ಇದೆಯಲ್ಲ, ಮದುವೆ ಜನವರಿಯಲ್ಲಿ ತಾನೆ’ ಎಂದು ನೆಮ್ಮದಿಯಾಗಿದ್ದವರಿಗೆ ಚೆಕ್-ಇನ್ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಹತ್ತನೇ ತರಗತಿ ಪಾಸಾಗದ, ಐವತ್ತು ದಾಟದ ನೆಂಟರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಮುದ್ರೆ ಬಿದ್ದಿರುತ್ತದೆ. ಕೆಲಸಕ್ಕಾಗಿ ಹೋಗುವಾಗ ಮೊದಲೇ ಅನುಮತಿ ಪಡೆಯಬೇಕಾದ ದೇಶಗಳ ಪಟ್ಟಿಯಲ್ಲಿ ಥಾಯ್ಲೆಂಡ್, ಇಂಡೊನೇಷ್ಯಾ, ಮಲೇಷ್ಯಾ, ಯುಎಇ ನಾಲ್ಕೂ ಇವೆ. ಮದುವೆಗೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಆದರೂ ವಾಪಸಿನ ಟಿಕೆಟ್, ಆಮಂತ್ರಣ ಕೈಯಲ್ಲಿರಬೇಕು, ಯಾಕೆ ಹೋಗುತ್ತಿದ್ದೀರಿ ಎಂದು ಇಮಿಗ್ರೇಷನ್‌ನವರು ಕೇಳಿದರೆ ಹೆದರದೆ ಉತ್ತರಿಸಲು ಗೊತ್ತಿರಬೇಕು.

ಹೆಸರಿನ ವಿಚಾರ ನಮ್ಮ ಕಡೆಯವರಿಗೆ ಇನ್ನೂ ತೊಡಕಿನದು. ಉತ್ತರದವರಂತೆ ನಮ್ಮಲ್ಲಿ ಎಲ್ಲರಿಗೂ ಮನೆತನದ ಹೆಸರು ಇರುವುದಿಲ್ಲ. ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಂಡು ಬದುಕಿದವರು ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಸಬೇಕು. ಆಗ ಮೂವತ್ತು ವರ್ಷ ‘ಕೆ. ಆರ್.’ ಆಗಿದ್ದವರು ಒಮ್ಮೆಲೇ ನಾಲ್ಕು ಪದಗಳ ಉದ್ದನೆಯ ಹೆಸರಿನವರಾಗುತ್ತಾರೆ. ಕೆಲವರು ಬರೀ ಒಂದೇ ಹೆಸರು ಬರೆಸಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್ 21ರಿಂದ ನಿಯಮ ಮಾಡಿದಾಗ ಪೇಚಿಗೆ ಸಿಕ್ಕವರಲ್ಲಿ ದಕ್ಷಿಣದವರು ಬಹಳ. ದುಬೈ ಮದುವೆಗೆ ಕರೆಯುವವರು ಇದನ್ನು ಆಮಂತ್ರಣ ಕಳಿಸಿದ ಮೇಲೆ ತಿಳಿದುಕೊಂಡರೆ, ಪಾಸ್‌ಪೋರ್ಟ್ ಮರುವಿತರಣೆಯ ಓಡಾಟವೆಲ್ಲ ನೆಂಟರ ತಲೆಗೆ ಬರುತ್ತದೆ. ವಿಮಾನದ ಟಿಕೆಟ್ಟೂ ಅಷ್ಟೇ. ‘ಪುಟ್ಟಣ್ಣ ಚಿಕ್ಕಪ್ಪ’ ಎಂದು ಎಲ್ಲರ ಬಾಯಲ್ಲಿರುವ ಹೆಸರು ಟಿಕೆಟ್‌ನಲ್ಲಿ ಬಂದರೆ ಉಪಯೋಗವಿಲ್ಲ. ಪಾಸ್‌ಪೋರ್ಟ್‌ನಲ್ಲಿ ಅಕ್ಷರ ಹೇಗಿದೆಯೋ ಹಾಗೆಯೇ ಇರಬೇಕು.

ದೇಶ ಬದಲಾದರೆ ಹೊರೆಯೂ ಬದಲಾಗುತ್ತದೆ, ಆ ವ್ಯತ್ಯಾಸ ಸಣ್ಣದಲ್ಲ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿತು. 2024ರ ಜುಲೈ 15ರಿಂದ ಅದನ್ನು 60 ದಿನಕ್ಕೆ ಏರಿಸಿತು. 2025ರ ಮೇ 1ರಿಂದ ಬಂದಿಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ಆಗಮನ ಪತ್ರ ತುಂಬಬೇಕೆಂದಿತು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಬಾಲಿಯಲ್ಲಿ ಇಳಿದ ಮೇಲೆ ಪಡೆಯುವ ವೀಸಾಕ್ಕೆ 5 ಲಕ್ಷ ರುಪಿಯಾ, 2024ರ ಫೆಬ್ರುವರಿ 14ರಿಂದ ಅದರ ಜತೆಗೆ ಪ್ರವಾಸಿ ತೆರಿಗೆ ಒಂದೂವರೆ ಲಕ್ಷ ರುಪಿಯಾ. ಕೇಳಲು ಲಕ್ಷಗಳಾದರೂ ನಮ್ಮ ದುಡ್ಡಿನಲ್ಲಿ ಕೆಲವೇ ಸಾವಿರ. ಇಟಲಿ ಎಂದ ಕೂಡಲೇ ಲೆಕ್ಕವೇ ಬೇರೆ. ಅಲ್ಲಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಕೊನೆಯ ಹದಿನೈದು ದಿನಕ್ಕೆ ಬಿಡುವಂತೆಯೂ ಇಲ್ಲ. ಬೆರಳಚ್ಚು ಕೊಡಲು ಅರ್ಜಿದಾರರೇ ಖುದ್ದಾಗಿ ವೀಸಾ ಕೇಂದ್ರಕ್ಕೆ ಬರಬೇಕು. ಬೀದರ್‌ನ ಸೋದರಮಾವ, ಶಿರಸಿಯ ಅತ್ತೆ ಅದಕ್ಕಾಗಿಯೇ ದೊಡ್ಡ ನಗರಕ್ಕೆ ಒಂದು ಪ್ರಯಾಣ ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ವೀಸಾ ಕೊಡುವುದು ಬಿಡುವುದು ಅವರ ಮರ್ಜಿ. ಒಂದೇ ಮನೆಯ ಅಣ್ಣನಿಗೆ ಸಿಕ್ಕಿ ತಮ್ಮನಿಗೆ ಸಿಗದೇ ಹೋಗಬಹುದು.

ಇದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನೋವೂ ಇದೆ. ಷೆಂಗೆನ್ ಅರ್ಜಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ರಜೆಯ ಪತ್ರ ಎಲ್ಲ ಬೇಕು. ಸಾಮಾನ್ಯವಾಗಿ ಮದುವೆ ಮನೆಯವರೇ ಒಬ್ಬ ಉತ್ಸಾಹಿ ಹುಡುಗನನ್ನು ನೇಮಿಸಿ ‘ಎಲ್ಲರೂ ಇವನಿಗೆ ಕಳಿಸಿ’ ಎಂದುಬಿಡುತ್ತಾರೆ. ತನ್ನ ಖಾತೆಯಲ್ಲಿ ಎಷ್ಟಿದೆ, ಮಗ ತಿಂಗಳಿಗೆಷ್ಟು ಕಳಿಸುತ್ತಾನೆ, ಸಾಲದ ಕಂತು ಎಷ್ಟು ಹೋಗುತ್ತದೆ ಎಂಬುದನ್ನೆಲ್ಲ ನೆಂಟರ ಮನೆಯ ಹುಡುಗನ ಮೊಬೈಲಿಗೆ ಕಳಿಸಬೇಕಾದ ನಿವೃತ್ತ ಮೇಷ್ಟರ ಸಂಕೋಚವನ್ನು ಊಹಿಸಿಕೊಳ್ಳಿ. ಕೆಲವರು ‘ಮಂಡಿನೋವು, ಆಗುವುದಿಲ್ಲ’ ಎಂದು ತಪ್ಪಿಸಿಕೊಳ್ಳುವುದು ಮಂಡಿಯ ದೆಸೆಯಿಂದಲ್ಲ. ಈ ಕಾಗದಗಳು ಅತಿಥಿಯಿಂದ ನೇರವಾಗಿ ಏಜೆಂಟರಿಗೆ ಹೋಗಬೇಕು. ಮದುವೆ ಮನೆಯವರ ಕಣ್ಣಿಗೆ ಬೀಳಲೇಬಾರದು. ಏಜೆಂಟರ ಶುಲ್ಕ ಕೊಡುವುದಷ್ಟೇ ಕರೆದವರ ಕೆಲಸ. ಪಾಸ್‌ಪೋರ್ಟ್‌ನ ಫೋಟೊಗಳನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸುವ ಅಭ್ಯಾಸವೂ ನಿಲ್ಲಬೇಕು. ನೂರು ಜನರ ಗುರುತಿನ ವಿವರ ನೂರು ಮೊಬೈಲ್‌ಗಳಲ್ಲಿ ಉಳಿದುಹೋಗುವುದು ಯಾರಿಗೂ ಒಳ್ಳೆಯದಲ್ಲ.

ಇನ್ನು ಪೆಟ್ಟಿಗೆ ತುಂಬುವ ಮಾತು. ನಮ್ಮ ಮದುವೆಯ ಸಾಮಾನುಗಳಿಗೂ ವಿಮಾನದ, ಕಸ್ಟಮ್ಸ್‌ನ ನಿಯಮಗಳಿಗೂ ಇರುವಷ್ಟು ವೈರ ಬೇರೆಲ್ಲೂ ಇರಲಾರದು. ಕೊಬ್ಬರಿಯನ್ನೇ ತೆಗೆದುಕೊಳ್ಳಿ. ಎಣ್ಣೆಯ ಅಂಶದಿಂದಾಗಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಎಂದು ಅದನ್ನು ವಿಮಾನದಲ್ಲಿ ಅಪಾಯಕಾರಿ ಸರಕುಗಳ ಸಾಲಿಗೆ ಸೇರಿಸಿದ್ದಾರೆ. ಲಗೇಜಿನಲ್ಲಿ ಕೊಬ್ಬರಿ ಗಿಟುಕು ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಕರ್ಪೂರ ಉರಿಯುವ ಘನವಸ್ತು, ಅದೂ ಇಲ್ಲ. ಬೆಂಕಿಪೊಟ್ಟಣ ಕೇಳುವುದೇ ಬೇಡ. ಗಸಗಸೆಯ ವಿಚಾರ ಇನ್ನೂ ಗಂಭೀರ. ನಮಗೆ ಅದು ಪಾಯಸ, ಯುಎಇಯಲ್ಲಿ ಅದು ಮಾದಕವಸ್ತು ಕಾನೂನಿನ ವ್ಯಾಪ್ತಿಗೆ ಬರುವ ನಿಷಿದ್ಧ ಪದಾರ್ಥ. ಅಡುಗೆಯವರ ಮಸಾಲೆ ಡಬ್ಬಿಯಲ್ಲಿ ಉಳಿದ ಒಂದು ಹಿಡಿಯೂ ಜೈಲಿನವರೆಗೆ ಕರೆದೊಯ್ಯಬಹುದು. ವೀಳ್ಯದೆಲೆ, ಅಡಿಕೆಯನ್ನೂ ಅಲ್ಲಿಗೆ ಒಯ್ಯುವಂತಿಲ್ಲ. ತಾಂಬೂಲವಿಲ್ಲದ ಮದುವೆಗೆ ಮನಸ್ಸನ್ನು ಇಲ್ಲಿಂದಲೇ ಒಗ್ಗಿಸಿಕೊಂಡು ಹೊರಡಬೇಕು. ಯುರೋಪಿಗೆ ಹೋಗುವವರು ಹಾಲು, ತುಪ್ಪ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಸಸ್ಯರೋಗ ಇಲ್ಲವೆಂಬ ಪ್ರಮಾಣಪತ್ರವಿಲ್ಲದ ಹೂವು, ಎಲೆ, ಹಣ್ಣಿಗೂ ತಡೆ. ಅಂದರೆ ಮೈಸೂರು ಮಲ್ಲಿಗೆಯ ದಿಂಡೂ ಇಲ್ಲ, ಮಾವಿನ ತೋರಣವೂ ಇಲ್ಲ. ಆ ನಿಯಮಕ್ಕೆ ಬೆರಳೆಣಿಕೆಯ ಹಣ್ಣುಗಳು ಮಾತ್ರ ಹೊರತು, ಅದರಲ್ಲಿ ಬಾಳೆಹಣ್ಣು ಮತ್ತು ತೆಂಗಿನಕಾಯಿ ಸೇರಿವೆ. ಬ್ರಸೆಲ್ಸ್‌ನ ಅಧಿಕಾರಿಗಳಿಗೆ ಗೊತ್ತಿಲ್ಲದೆಯೇ ಹಣ್ಣುಕಾಯಿ ಪಾರಾಗಿದೆ!

ಈ ಪಟ್ಟಿಯನ್ನು ನಗುತ್ತಾ ಓದಬಹುದು. ಆದರೆ ಇದನ್ನು ಕೈಗಿಡದೆ ಜನರನ್ನು ಕಳಿಸಿದರೆ ಆಗುವುದು ಬೇರೆ. ನೆಂಟರು ಬರಿಗೈಯಲ್ಲಿ ಬರುವವರಲ್ಲ. ಮಡಿಲಕ್ಕಿಗೆ ಬೇಕಾದದ್ದು, ಬಾಗಿನದ ಸಾಮಾನು, ಮದುಮಗಳಿಗೆ ಇಷ್ಟವೆಂದು ಮಾಡಿದ ಉಂಡೆ, ಎಲ್ಲವನ್ನೂ ಪ್ರೀತಿಯಿಂದ ಕಟ್ಟಿಕೊಂಡು ಬರುತ್ತಾರೆ. ಅವನ್ನೆಲ್ಲ ಸಮವಸ್ತ್ರದವರು ಕಸದ ಬುಟ್ಟಿಗೆ ಹಾಕುವುದನ್ನು ನಿಂತು ನೋಡುವ ಗತಿ ಅವರಿಗೆ ಬಂದರೆ ಅದರ ಹೊಣೆ ಹೇಳದೆ ಬಿಟ್ಟವರದ್ದು. ಇದಕ್ಕೊಂದು ಸುಲಭದ ದಾರಿ, ಪೂಜಾ ಸಾಮಗ್ರಿಯನ್ನು ಪುರೋಹಿತರ ಮತ್ತು ಅಲ್ಲಿನ ವ್ಯವಸ್ಥಾಪಕರ ಮೂಲಕ ಆ ದೇಶದಲ್ಲೇ ಕೊಳ್ಳುವುದು. ಬ್ಯಾಂಕಾಕ್, ದುಬೈಯಂಥ ಊರುಗಳಲ್ಲಿ ಭಾರತೀಯರ ಅಂಗಡಿಗಳಿಗೆ ಬರವಿಲ್ಲ. ನೆಂಟರಿಗೆ ‘ನೀವು ಬಟ್ಟೆ, ಒಡವೆ, ಔಷಧ ಬಿಟ್ಟು ಬೇರೇನನ್ನೂ ತರಬೇಡಿ’ ಎಂದು ಸ್ಪಷ್ಟವಾಗಿ ಹೇಳುವುದು.

ಒಡವೆ ಎಂದೆ, ಅಲ್ಲೂ ಒಂದು ಎಚ್ಚರ ಬೇಕು. ಕಾಸಿನ ಸರ, ವಂಕಿ, ಡಾಬು ಧರಿಸಿ ಹೋದವರು ವಾಪಸು ಬರುವಾಗ ಇದೆಲ್ಲ ಇಲ್ಲಿಂದಲೇ ಹೋದದ್ದು ಎಂದು ಕಸ್ಟಮ್ಸ್‌ನವರಿಗೆ ತೋರಿಸಬೇಕಾಗಬಹುದು. ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರ್‌ನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಬರುವಾಗ ತಲೆನೋವಿಲ್ಲ. ಅದಕ್ಕೆ ಮೌಲ್ಯಮಾಪಕರ ಚೀಟಿ, ಫೋಟೊ, ಮತ್ತೆ ಒಂದೆರಡು ಗಂಟೆ ಹೆಚ್ಚಿನ ಸಮಯ ಬೇಕು. ಅಜ್ಜಿಯ ಕಾಲದ ಒಡವೆಗೆ ರಸೀದಿ ಎಲ್ಲಿಂದ ಬರಬೇಕು? ಅಕ್ಕಸಾಲಿಗರನ್ನು ಹಿಡಿದು ತೂಕ, ಬೆಲೆ ಬರೆಸಿಕೊಳ್ಳಲು ವಾರ ಮೊದಲೇ ಹೇಳಿರಬೇಕು. ಮುಯ್ಯಿಯದ್ದೂ ಇದೇ ಪಾಡು. ದೇಶದಿಂದ ಹೊರಗೆ ಒಯ್ಯಬಹುದಾದ ಭಾರತೀಯ ನೋಟಿನ ಮಿತಿ 25,000 ರೂಪಾಯಿ. ವಿದೇಶಿ ಕರೆನ್ಸಿಯಾದರೆ ಒಂದು ಪ್ರಯಾಣಕ್ಕೆ ನಗದಾಗಿ 3,000 ಡಾಲರ್. ಮುಯ್ಯಿಯ ಲಕೋಟೆಗಳನ್ನು ಕಡಲಾಚೆಗೆ ಒಯ್ಯಿಸಿ, ಮತ್ತೆ ಎಲ್ಲವನ್ನೂ ಒಬ್ಬರ ಚೀಲದಲ್ಲಿ ವಾಪಸು ತರಿಸುವುದರಲ್ಲಿ ಅರ್ಥವಿಲ್ಲ. ಅಲ್ಲಿ ಮುಯ್ಯಿ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಮೇಲು. ಟಿಕೆಟ್ಟಿಗೇ ಅಷ್ಟು ಸುರಿದವರಿಂದ ಮತ್ತೆ ಲಕೋಟೆ ನಿರೀಕ್ಷಿಸುವುದು ಹೇಗೂ ಒಳ್ಳೆಯ ರೂಢಿಯಲ್ಲ.

ಆರೋಗ್ಯದ ವಿಚಾರದಲ್ಲಿ ದೊಡ್ಡವರಿಗೆ ಹೇಳಬೇಕಾದ್ದು ಕಡಿಮೆ, ಆದರೆ ಹೇಳಲೇಬೇಕಾದ್ದು. ಮಾತ್ರೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಬಿಡಿಸಿ ಹಾಕಿಕೊಳ್ಳದೆ ಸ್ಟ್ರಿಪ್ ಸಮೇತ, ವೈದ್ಯರ ಚೀಟಿ ಸಮೇತ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ನಿದ್ದೆಯ, ಆತಂಕದ, ಬಲವಾದ ನೋವಿನ ಮಾತ್ರೆಗಳ ಮೇಲೆ ಯುಎಇ, ಥಾಯ್ಲೆಂಡ್, ಇಂಡೊನೇಷ್ಯಾ ಮೂರೂ ಕಡೆ ಕಟ್ಟುನಿಟ್ಟಿದೆ. ಕೆಲವಕ್ಕೆ ಮುಂಗಡ ಅನುಮತಿ ಬೇಕು. ಪ್ರಯಾಣ ವಿಮೆ ಮಾಡಿಸುವಾಗ ಸಕ್ಕರೆ, ರಕ್ತದೊತ್ತಡ, ಹಳೆಯ ಹೃದ್ರೋಗ ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲಿನ ದಿನ ವಿಮೆ ಕೈಕೊಡುತ್ತದೆ. ಗಾಲಿಕುರ್ಚಿ ಬೇಕಾದವರಿಗೆ ಅದನ್ನು ಟಿಕೆಟ್ ಮಾಡಿಸುವಾಗಲೇ ಕೋರಬೇಕು. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ನಡೆಯುವ ದೂರವೇ ಎಷ್ಟೋ ಹಿರಿಯರಿಗೆ ಒಂದು ದಿನದ ನಡಿಗೆ. ಹುಡುಗರಿಗೆ ಹೇಳಬೇಕಾದ ಎಚ್ಚರ ಬೇರೆ. ಫುಕೆಟ್‌ನಲ್ಲಿ ಬಾಡಿಗೆ ಸ್ಕೂಟರ್ ಸುಲಭವಾಗಿ ಸಿಗುತ್ತದೆ, ಪರವಾನಗಿ ಕೇಳದೆಯೂ ಕೊಡುತ್ತಾರೆ. ಆದರೆ ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈ ಚೆಲ್ಲುತ್ತಾರೆ. ಇ-ಸಿಗರೇಟ್ ಆ ದೇಶಕ್ಕೆ ಒಯ್ಯುವುದೇ ಅಪರಾಧ. ಮಳೆಗಾಲದಲ್ಲಿ ಕಡಲತೀರದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯುವಂತಿಲ್ಲ.

ಊಟದ ಬಗ್ಗೆ ಅತಿಥಿಗಳಿಗಿರುವ ಭಯ ಹೋಟೆಲ್‌ನೊಳಗಿನದಲ್ಲ. ಅಲ್ಲಿ ಇಲ್ಲಿಂದ ಹೋದ ಅಡುಗೆ ಭಟ್ಟರೋ ಅಲ್ಲಿನ ಭಾರತೀಯ ಕೇಟರಿಂಗ್‌ನವರೋ ಸಾರು, ಪಲ್ಯ, ಹೋಳಿಗೆ ಮಾಡಿಯೇ ಮಾಡುತ್ತಾರೆ. ತೊಂದರೆ ಇರುವುದು ಹಿಂದುಮುಂದಿನ ಎರಡು ದಿನ, ಊರು ನೋಡಲು ಹೊರಟಾಗ. ಥಾಯ್ ಅಡುಗೆಯಲ್ಲಿ ಮೀನಿನ ರಸ ನಮ್ಮ ಒಗ್ಗರಣೆಯಂತೆ ಎಲ್ಲದರಲ್ಲೂ ಇರುತ್ತದೆ. ತರಕಾರಿ ಮಾತ್ರ ಕೊಡಿ ಎಂದರೆ ತರಕಾರಿಯ ಜತೆಗೆ ಅದೂ ಬರುತ್ತದೆ. ಆದರೆ ಅಲ್ಲಿ ‘ಜೇ’ ಎಂಬ ಒಂದು ಪದ್ಧತಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟ ಅಡುಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳನ್ನು ಹುಡುಕಿದರೆ ಸಾಕು. ಚೀನಿ ಚಾಂದ್ರಮಾನದ ಒಂಬತ್ತನೇ ತಿಂಗಳಲ್ಲಿ ಫುಕೆಟ್‌ನ ಚೀನಿ ಮೂಲದವರು ಆಚರಿಸುವ ಸಸ್ಯಾಹಾರ ಹಬ್ಬದ ದಿನಗಳಲ್ಲಂತೂ ಬೀದಿ ತುಂಬ ಅದೇ. ಮಡಿ ಬಿಡದ ಅತ್ತೆಗೆ ಈ ಒಂದು ಪದ ಬರೆದುಕೊಟ್ಟರೆ ಹತ್ತು ಪ್ಯಾಕೆಟ್ ಅವಲಕ್ಕಿಯ ಭಾರ ಇಳಿಯುತ್ತದೆ. ಹಾಗೆಂದು ಅವಲಕ್ಕಿ ಬೇಡವೆಂದಲ್ಲ.

ದಿನಾಂಕ ಮತ್ತು ಗಳಿಗೆಗಳ ಗೊಂದಲ ಎಲ್ಲಕ್ಕಿಂತ ಸಾಮಾನ್ಯವಾದದ್ದು. ತಿಥಿ, ನಕ್ಷತ್ರಗಳು ಬದಲಾಗುವುದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ; ಲಗ್ನ ಮಾತ್ರ ಆಯಾ ಊರಿನ ದಿಗಂತಕ್ಕೆ ಸಂಬಂಧಿಸಿದ್ದು. ಕರ್ನಾಟಕದ ಸೂರ್ಯೋದಯ ಹಿಡಿದು ಮಾಡಿದ ಪಂಚಾಂಗದ ಲಗ್ನವನ್ನು ಹಾಗೆಯೇ ಬಾಲಿಗೆ ಒಯ್ದರೆ ಶಾಸ್ತ್ರಕ್ಕೂ ಸಲ್ಲದು, ಗಡಿಯಾರಕ್ಕೂ ಸಲ್ಲದು. ಆ ಊರಿಗೇ ಗಣಿಸಿದ ಮುಹೂರ್ತವನ್ನು ಆಮಂತ್ರಣದಲ್ಲಿ ಎರಡು ಸಮಯಗಳಲ್ಲಿ ಹಾಕಬೇಕು: ಬಾಲಿಯಲ್ಲಿ ಬೆಳಗ್ಗೆ 9 ಎಂದರೆ ಊರಲ್ಲಿ ಕೂತು ಮೊಬೈಲ್‌ನಲ್ಲಿ ನೋಡುವವರಿಗೆ 6.30, ಫುಕೆಟ್‌ನಲ್ಲಿ 9 ಎಂದರೆ ಇಲ್ಲಿ 7.30. ವಿಮಾನದ ದಿನಾಂಕ ಇದಕ್ಕಿಂತ ಅಪಾಯಕಾರಿ. ಟಿಕೆಟ್‌ನಲ್ಲಿ 14ನೇ ತಾರೀಕು 00.40 ಎಂದಿದ್ದರೆ 13ರ ರಾತ್ರಿ ಊಟ ಮುಗಿಸುವ ಹೊತ್ತಿಗೇ ನಿಲ್ದಾಣದಲ್ಲಿರಬೇಕು. 14ರ ರಾತ್ರಿ ಹೊರಟವರಿಗೆ ವಿಮಾನ ಹಿಂದಿನ ರಾತ್ರಿಯೇ ಹಾರಿಹೋಗಿರುತ್ತದೆ. ಋತುಮಾನದ ಲೆಕ್ಕವೂ ಕೂಡಬೇಕು. ನಮ್ಮ ವೈಶಾಖದ ಮದುವೆಗಳ ಭರಾಟೆ ಮುಗಿಯುವಷ್ಟರಲ್ಲಿ ಫುಕೆಟ್‌ನಲ್ಲಿ ಮಳೆ ಹಿಡಿದಿರುತ್ತದೆ. ಅಲ್ಲಿ ಹವೆ ಅತ್ಯುತ್ತಮವಾಗಿರುವ ಡಿಸೆಂಬರ್ ಕೊನೆಯಲ್ಲಿ ನಮಗೆ ಧನುರ್ಮಾಸ, ಹೋಟೆಲ್ ದರ ಮುಗಿಲಿಗೆ. ಎರಡೂ ಕೂಡಿಬರುವುದು ಮಾಘ, ಫಾಲ್ಗುಣದಲ್ಲಿ. ಬಾಲಿಯಲ್ಲಿ ಯುಗಾದಿಯ ಆಸುಪಾಸಿಗೆ ಬರುವ ‘ನ್ಯೆಪಿ’ಯಂದು ಇಡೀ ದ್ವೀಪ ಮೌನವಿರುತ್ತದೆ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಹೊರಗಿನವರೂ ಕೋಣೆ ಬಿಟ್ಟು ಬೀದಿಗೆ ಇಳಿಯುವಂತಿಲ್ಲ. ಅದರ ಮುನ್ನಾದಿನ ಅತಿಥಿಗಳನ್ನು ಬರಮಾಡಿಕೊಳ್ಳುವ ಯೋಜನೆ ಹಾಕಿದವರು ಕ್ಯಾಲೆಂಡರ್ ನೋಡಿರುವುದಿಲ್ಲ ಎಂದೇ ಅರ್ಥ.

ಇಷ್ಟೆಲ್ಲ ಮಾಹಿತಿಯನ್ನು ಯಾವ ಭಾಷೆಯಲ್ಲಿ ಕೊಡುತ್ತಾರೆ? ಇವೆಂಟ್ ಕಂಪನಿಯವರು ಮಾಡಿಕೊಡುವ ಚೆಂದದ ಜಾಲಪುಟ ಇಂಗ್ಲಿಷಿನಲ್ಲಿರುತ್ತದೆ. ಡ್ರೆಸ್ ಕೋಡ್ ಇಂಥದು, ಸಂಗೀತದ ಸಂಜೆಗೆ ಇಂಥ ಬಣ್ಣ ಎಂದು ಪುಟಗಟ್ಟಲೆ ಇರುತ್ತದೆ. ಬಣ್ಣ ತಪ್ಪಿದರೆ ಯಾರೂ ಗಡಿಯಿಂದ ವಾಪಸು ಕಳಿಸುವುದಿಲ್ಲ. ಗಸಗಸೆಯ ಮಾತು, ಆರು ತಿಂಗಳ ಅವಧಿಯ ಮಾತು ಅದರಲ್ಲಿ ಎಲ್ಲೂ ಇರುವುದಿಲ್ಲ, ಇದ್ದರೂ ಯಾರಿಗೆ ಬೇಕೋ ಅವರಿಗೆ ಓದಲು ಬರುವುದಿಲ್ಲ. ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಮುದ್ರಿಸಿದ ನಾಲ್ಕು ಪುಟದ ಒಂದು ಕಿರುಹೊತ್ತಗೆ ಸಾಕು, ಕರೆಯಲು ಹೋದಾಗ ಕುಂಕುಮದ ಜತೆಗೇ ಕೊಟ್ಟು, ಕೂತು ಓದಿ ಹೇಳಿ ಬರಬಹುದು. ಅದರ ಕೊನೆಯ ಪುಟ ಮಾತ್ರ ಇಂಗ್ಲಿಷಿನಲ್ಲಿರಲಿ, ಮತ್ತು ಹರಿದು ಕೈಯಲ್ಲಿ ಹಿಡಿಯುವಂತಿರಲಿ: ಹೋಟೆಲ್ ವಿಳಾಸ, ವಾಪಸಿನ ವಿಮಾನದ ವಿವರ, ಅಲ್ಲಿನ ಒಂದು ಫೋನ್ ನಂಬರ್, ಮದುವೆಗೆ ಬಂದವರು ಎಂಬ ಒಂದು ವಾಕ್ಯ, ಪಾಸ್‌ಪೋರ್ಟ್ ಕಳೆದರೆ ತುರ್ತು ಪ್ರಮಾಣಪತ್ರಕ್ಕೆ ಹೋಗಬೇಕಾದ ಭಾರತೀಯ ರಾಯಭಾರ ಕಚೇರಿಯ ವಿಳಾಸ. ಇಮಿಗ್ರೇಷನ್ ಅಧಿಕಾರಿಯ ಮುಂದೆ ಇಂಗ್ಲಿಷ್ ಬಾರದ ಹಿರಿಯರು ಆ ಹಾಳೆ ಚಾಚಿದರೆ ಸಾಕು. ನಿಯಮಗಳು ವರ್ಷಕ್ಕೆರಡು ಸಲ ಬದಲಾಗುವುದರಿಂದ ಮುದ್ರಿಸಿದ್ದನ್ನು ಹೊರಡುವ ವಾರ ಮತ್ತೊಮ್ಮೆ ಪರೀಕ್ಷಿಸುವ ಕೆಲಸ ಒಬ್ಬರ ಹೆಸರಿಗೆ ಇರಬೇಕು. ನಾಲ್ಕೈದು ಜನ ಹಿರಿಯರಿಗೆ ಒಬ್ಬ ಹುಡುಗನೋ ಹುಡುಗಿಯೋ ಜತೆಗಾರರಾಗಿ ಅದೇ ವಿಮಾನದಲ್ಲಿ ಇರಬೇಕು.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ, ಕರೆಯುವುದು ವಯಸ್ಸಾದ, ಬುದ್ಧಿ ಬಲಿತ ಜನರನ್ನು, ಅವರನ್ನು ಮಕ್ಕಳಂತೆ ನಡೆಸಿಕೊಳ್ಳಬೇಕೇ ಎಂಬುದು. ಪ್ರಯಾಣ ಬಲ್ಲವರಿಗೆ ಇದು ಕಿರಿಕಿರಿಯೇ ಸರಿ. ಅಮೆರಿಕದಲ್ಲಿ ನೆಲೆಸಿದ ಮೈದುನನಿಗೆ ಪಾಸ್‌ಪೋರ್ಟ್ ಪಾಠ ಬೇಡ. ಆದರೆ ಮದುವೆಯ ಕರೆ ಎಲ್ಲರಿಗೂ ಒಂದೇ, ಅನುಭವ ಒಂದೇ ಅಲ್ಲ. ತಿಳಿದವರು ಹಾಳೆಯನ್ನು ಪಕ್ಕಕ್ಕಿಟ್ಟರೆ ನಷ್ಟವಿಲ್ಲ, ತಿಳಿಯದವರಿಗೆ ಅದು ಸಿಗದಿದ್ದರೆ ನಷ್ಟ ಅವರೊಬ್ಬರದೇ. ಎರಡನೆಯ ಆಕ್ಷೇಪ, ಇದಕ್ಕೆಂದೇ ವೆಡ್ಡಿಂಗ್ ಪ್ಲ್ಯಾನರ್‌ಗಳಿದ್ದಾರಲ್ಲ ಎಂಬುದು. ಇದ್ದಾರೆ, ಅನೇಕರು ಕೆಲಸದಲ್ಲಿ ಚುರುಕಾಗಿದ್ದಾರೆ. ಕೋಣೆ ಹಂಚಿಕೆ, ಬಸ್ಸು, ಹೂವಿನ ಅಲಂಕಾರ ಅವರಿಗೆ ಗೊತ್ತು. ಆದರೆ ದೊಡ್ಡಮ್ಮನಿಗೆ ಪಾಸ್‌ಪೋರ್ಟೇ ಇಲ್ಲ, ಅವರು ಅದನ್ನು ನಾಚಿಕೆಯಿಂದ ಹೇಳುವುದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಅದು ಮನೆಯವರೇ ತಿಳಿದಿರಬೇಕಾದ ಸಂಗತಿ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಾವಿರ ಜನರ ಆಡಂಬರ ತಪ್ಪಿಸಿ ನೂರು ಜನರ ಒಳಗೆ ಮುಗಿಸಲೆಂದೇ ಹೊರದೇಶಕ್ಕೆ ಹೋಗುವುದು, ಬರಲಾಗದವರು ಬರದಿದ್ದರೆ ಉದ್ದೇಶವೇ ಈಡೇರಿದಂತಲ್ಲವೇ ಎನ್ನುತ್ತಾರೆ. ಸಣ್ಣ ಮದುವೆಯ ಆಸೆ ಒಳ್ಳೆಯದು, ನಾನು ಅದರ ಪರ. ಆದರೆ ಪಟ್ಟಿಯನ್ನು ಮನೆಯವರು ಕೂತು ಚಿಕ್ಕದು ಮಾಡುವುದು ಬೇರೆ, ವೀಸಾ ಅಧಿಕಾರಿಯಿಂದಲೂ ಟಿಕೆಟ್ ದರದಿಂದಲೂ ಮಾಡಿಸುವುದು ಬೇರೆ. ಹಾಗೆ ಉದುರಿಹೋಗುವವರು ದೂರದ ಪರಿಚಯಸ್ಥರಲ್ಲ. ದುಡ್ಡಿರುವ ದೂರದವರು ಬಂದೇ ಬರುತ್ತಾರೆ, ದುಡ್ಡಿಲ್ಲದ ಹತ್ತಿರದವರು ಉಳಿಯುತ್ತಾರೆ. ಜತೆಗೆ, ಛತ್ರದಲ್ಲಿ ಸಾವಿರ ಎಲೆ ಹಾಕಿಸುವುದಕ್ಕಿಂತ ಇದು ಅಗ್ಗ ಎಂಬ ಲೆಕ್ಕದಲ್ಲಿ ಅತಿಥಿಗಳು ತೆತ್ತದ್ದು ಸೇರಿರುವುದಿಲ್ಲ. ನಮ್ಮಲ್ಲಿ ‘ತಪ್ಪದೇ ಬರಬೇಕು, ಮನೆಮಂದಿಯೆಲ್ಲ ಬರಬೇಕು’ ಎಂದು ಒತ್ತಾಯಿಸಿ ಕರೆಯುವುದೇ ಮರ್ಯಾದೆ. ಊರ ಮದುವೆಯಲ್ಲಿ ಅದಕ್ಕೆ ತಗಲುವುದು ಬಸ್ ಚಾರ್ಜು. ಫುಕೆಟ್ ಮದುವೆಯಲ್ಲಿ ಅದೇ ಮರ್ಯಾದೆಯ ಮಾತಿಗೆ ನಾಲ್ಕು ಜನರ ಸಂಸಾರ ಕೈಸಾಲ ಮಾಡಬಹುದು. ಆದ್ದರಿಂದ ಯಾವುದು ನಮ್ಮ ಖರ್ಚು, ಯಾವುದು ನಿಮ್ಮದು ಎಂದು ಕರೆಯುವ ದಿನವೇ ಬಾಯಿಬಿಟ್ಟು ಹೇಳಬೇಕು. ಕೋಣೆ, ಊಟ ನಮ್ಮದು, ವಿಮಾನ ನಿಮ್ಮದು ಎಂದರೂ ತಪ್ಪಿಲ್ಲ, ಹೇಳದಿರುವುದು ತಪ್ಪು. ಬರದಿದ್ದವರಿಗೆ ಊರಿನಲ್ಲಿ ಒಂದು ಆರತಕ್ಷತೆ ಇದೆ ಎಂಬುದೂ ಅದೇ ಉಸಿರಿನಲ್ಲಿ ಬರಬೇಕು, ಕೊಮೊದಲ್ಲಿ ಮದುವೆಯಾದ ತಾರಾಜೋಡಿಯೂ ವಾರದೊಳಗೆ ಬೆಂಗಳೂರಿನಲ್ಲಿ ಆರತಕ್ಷತೆ ಇಟ್ಟುಕೊಂಡಿತ್ತು. ಬರಲಾಗದು ಎನ್ನಲು ನೆಪ ಹುಡುಕಬೇಕಾದ ಸ್ಥಿತಿಯನ್ನು ನೆಂಟರಿಗೆ ತರಬಾರದು.

ಅಷ್ಟೆಲ್ಲ ರಗಳೆ ಯಾಕೆ, ಉದಯಪುರ, ಗೋವಾ, ಕೊಡಗು ಇಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ, ಪಟ್ಟಿ ಹಾಗೆ ಹೇಳಿದರೆ ಹಾಗೆಯೇ ಮಾಡಿ. ನಾನು ಆರಂಭದಲ್ಲಿ ಹೇಳಿದ ಕ್ರಮದಲ್ಲಿ ಹೋದರೆ ಆ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಬಿಟ್ಟು ಮದುವೆ ಮಾಡಲಾಗದ ಇಪ್ಪತ್ತು ಮೂವತ್ತು ಜನರ ಹೆಸರು ಬರೆದು, ಪ್ರತಿ ಹೆಸರಿನ ಎದುರು ಪಾಸ್‌ಪೋರ್ಟ್ ಇದೆಯೇ, ಎಲ್ಲಿಯವರೆಗೆ, ನಡೆಯಬಲ್ಲರೇ, ಎಷ್ಟು ಗಂಟೆ ಕೂರಬಲ್ಲರು ಎಂದು ತುಂಬಿದರೆ ಕೆಲವು ಮನೆಗಳಿಗೆ ಇಟಲಿ ಸಲ್ಲುತ್ತದೆ, ಕೆಲವಕ್ಕೆ ಬೆಂಗಳೂರಿನಿಂದ ನೇರ ವಿಮಾನವಿರುವ ಬ್ಯಾಂಕಾಕ್ ಅಥವಾ ಕೊಲಂಬೊ ಸಲ್ಲುತ್ತದೆ. ಮಕ್ಕಳು, ಅಳಿಯಂದಿರು ಎಲ್ಲ ಕೊಲ್ಲಿಯಲ್ಲೇ ಇರುವ ಮಂಗಳೂರಿನ ಕುಟುಂಬಕ್ಕೆ ದುಬೈಯೇ ಊರಿಗಿಂತ ಹತ್ತಿರ. ಕೆಲವರಿಗೆ ಮಡಿಕೇರಿಯೇ ದೂರ.

ಕೊನೆಗೆ, ಯಾವ ಪ್ಲ್ಯಾನರ್‌ನ ಪಟ್ಟಿಯಲ್ಲೂ ಇರದ ಒಂದು ವಿಷಯ: ಸೂತಕ. ಕುಟುಂಬದ ಒಂದು ಕವಲಿನಲ್ಲಿ ಸಾವಾದರೆ ದಾಯಾದಿಗಳ ಹತ್ತಾರು ಜನ ಒಮ್ಮೆಲೇ ಹೊರಡಲಾರದೆ ಉಳಿಯುತ್ತಾರೆ. ಪ್ರಯಾಣ ವಿಮೆ ಸಾಮಾನ್ಯವಾಗಿ ಒಪ್ಪುವುದು ತೀರ ಹತ್ತಿರದ ಬಂಧುವಿನ ಸಾವನ್ನು, ಹತ್ತು ದಿನದ ಮೈಲಿಗೆಯನ್ನಲ್ಲ. ಛತ್ರದ ಮದುವೆಯಲ್ಲಾದರೆ ಹತ್ತು ಎಲೆ ಕಡಿಮೆ ಬೀಳುತ್ತಿತ್ತು ಅಷ್ಟೆ. ಇಲ್ಲಿ ಹತ್ತು ಟಿಕೆಟ್, ಐದು ಕೋಣೆ ನೀರಿಗೆ ಹೋಗುತ್ತದೆ. ಆ ನಷ್ಟ ಯಾರದೆಂದು ದುಃಖದ ನಡುವೆ ಮಾತಾಡುವಂತಾಗಬಾರದು. ಹತ್ತಿರದ ಕುಟುಂಬಗಳಿಗೆ ಸ್ವಲ್ಪ ದುಬಾರಿಯಾದರೂ ರದ್ದು ಮಾಡಬಹುದಾದ ಟಿಕೆಟ್ ಕೊಳ್ಳುವುದು, ಕೋಣೆಗಳನ್ನು ಬಿಟ್ಟುಕೊಡಲು ಹೋಟೆಲ್‌ನೊಂದಿಗೆ ಕೊನೆಯ ದಿನಾಂಕವನ್ನು ಆದಷ್ಟು ತಡವಾಗಿ ಗೊತ್ತು ಮಾಡಿಕೊಳ್ಳುವುದು, ಉಳಿದ ನಷ್ಟ ಕರೆದವರದೇ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಂದಿಯಾದ ಮೇಲೆ ಮದುವೆ ಮಾಡುವವರಿಗೆ ಸೂತಕ ತಟ್ಟದು ಎಂಬ ನಂಬಿಕೆ ಸಂಪ್ರದಾಯಸ್ಥರ ಮನೆಗಳಲ್ಲಿದೆ. ಹಾಗಾಗಿ ನಾಂದಿಯನ್ನು ಊರಿನ ಮನೆಯಲ್ಲೇ ಮುಗಿಸಿ ಹೊರಡುವುದು ಅಂಥವರಿಗೆ ಅನುಕೂಲ. ವಿಮಾನ ಹತ್ತಲಾರದ ಹಿರಿಯರನ್ನು ಅವತ್ತೇ ಕರೆದು ಊಟ ಹಾಕಿಸಿ, ಅವರ ಅಕ್ಷತೆಯನ್ನೂ ಅವತ್ತೇ ಪಡೆಯಬಹುದು.